ನೀಲಿಯೋ ಕೆಂಪೋ: ಆರು ವರ್ಷ ಕ್ಯಾರವಾನ್‌ನಲ್ಲಿ ಗ್ಯಾಸ್ ಬಾಟಲಿ ಹೊತ್ತವನ ಲೆಕ್ಕ

ಫೆಬ್ರವರಿ, ಮಕ್ಕಳ ಸ್ಕೂಲಿಗೆ ಒಂದು ವಾರ ರಜ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ, ಕೆಸ್ವಿಕ್ ಹತ್ತಿರ, ಕ್ಯಾರವಾನ್ ನಿಲ್ಲಿಸೋಕೆ ಅಂತಲೇ ಇರುವ ಒಂದು ಸೈಟ್‌ನಲ್ಲಿ ನಮ್ಮ ಕ್ಯಾರವಾನ್, ಅಂದ್ರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಗಾಡಿ, ನಿಂತಿತ್ತು. ಬೆಳಗ್ಗೆ ಆರೂವರೆ. ಹುಲ್ಲಿನ ಮೇಲಿನ ಇಬ್ಬನಿ ಗಟ್ಟಿಯಾಗಿ, ಕಾಲಿಟ್ಟರೆ ಕರುಮ್ ಅನ್ನುತ್ತಿತ್ತು. ಡಿಕಾಕ್ಷನ್‌ಗೆ ನೀರಿಟ್ಟು ಒಲೆ ಹಚ್ಚಿದೆ. ಉರಿ ಬಂತು. ಅರ್ಧ ನಿಮಿಷ ಚೆನ್ನಾಗೇ ಇತ್ತು. ಆಮೇಲೆ ಕುಗ್ಗಿ ಕುಗ್ಗಿ ದೇವರ ದೀಪದ ಕುಡಿಯಷ್ಟಾಗಿ ಕೂತುಬಿಟ್ಟಿತು.

ಹಿಂದಿನ ದಿನ ತಾನೇ ಹೊಸ ಬಾಟಲಿ ಹಾಕಿದ್ದೆ. ಎತ್ತಿದರೆ ಭಾರ. ಅಲ್ಲಾಡಿಸಿದರೆ ಒಳಗೆ ಕುಳಕ್ ಕುಳಕ್ ಸದ್ದು. ಗ್ಯಾಸ್ ಇದೆ, ಮೇಲೆ ಬರ್ತಿಲ್ಲ ಅಷ್ಟೆ. ಆ ದಿನ ಕಾಫಿ ಕುಡಿದದ್ದು ಪಕ್ಕದ ಕ್ಯಾರವಾನ್‌ನವರ ಕೆಟಲ್‌ನಿಂದ. ಅವರು ನನ್ನ ಬಾಟಲಿ ನೋಡಿ, "ನೀಲಿಯಾ? ಈ ಚಳಿಯಲ್ಲಾ?" ಅಂತ ಮಾತ್ರ ಕೇಳಿದರು.

ಊರಲ್ಲಿ ನಮಗೆ ಸಿಲಿಂಡರ್ ಅಂದ್ರೆ ಒಂದೇ. ಕೆಂಪು ಬಣ್ಣದ್ದು, 14.2 ಕೆಜಿ, ಒಳಗೆ ಪ್ರೊಪೇನ್ ಮತ್ತು ಬ್ಯೂಟೇನ್ ಬೆರಕೆ. ಯಾವುದು ಎಷ್ಟು ಅಂತ ಯಾರೂ ಕೇಳಲ್ಲ, ಬೇಕಾಗೂ ಇಲ್ಲ. ಬ್ರಿಟನ್‌ನಲ್ಲಿ ಎರಡನ್ನೂ ಬೇರೆ ಬೇರೆ ತುಂಬುತ್ತಾರೆ. ಇಲ್ಲಿ ಎಲ್ಲ ಕಡೆ ಕಾಣುವ ಕ್ಯಾಲರ್ ಕಂಪನಿಯ ಬಾಟಲಿಗಳಲ್ಲಿ ನೀಲಿ ಅಂದ್ರೆ ಬ್ಯೂಟೇನ್, ಕೆಂಪು ಅಂದ್ರೆ ಪ್ರೊಪೇನ್. ಕೆಂಪು ಬಣ್ಣ ಒಂದೇ, ಒಳಗಿರೋದು ಬೇರೆ. ಹಳೇ ಕ್ಯಾರವಾನ್ ಕೊಂಡ ಮೊದಲ ವರ್ಷ ನನಗೆ ಇದು ಗೊತ್ತೇ ಇರಲಿಲ್ಲ.

ಅಲ್ಲಿಂದ ಈಚೆಗೆ ನಾಲ್ಕು ತರದ ಬಾಟಲಿ ಬಳಸಿದ್ದೇನೆ, ಐದನೆಯದನ್ನು ಒಂದೇ ಸಲ. ಎಲ್ಲರೂ ಗ್ಯಾಸ್ ಯಾವುದು, ಬೆಲೆ ಎಷ್ಟು ಅಂತ ಹೋಲಿಸುತ್ತಾರೆ. ನಾನು ಈಗ ಮೊದಲು ನೋಡೋದು ಬಾಟಲಿಯ ಕತ್ತನ್ನು. ಪೈಪು ಬಂದು ಸೇರುವ ಜಾಗ. ಸೋರಿದರೆ ಅಲ್ಲೇ ಸೋರಬೇಕು, ತಪ್ಪು ಮಾಡಿದರೆ ನಾವು ಅಲ್ಲೇ ಮಾಡಬೇಕು. ಒಂದೊಂದು ಬಾಟಲಿಯ ಕತ್ತೂ ಒಂದೊಂದು ತರ ಮೋಸ ಮಾಡುತ್ತೆ.

ಮೊದಲು ನೀಲಿ. ನಾನು ಬಳಸಿದ್ದು 7 ಕೆಜಿದು. ನಮ್ಮವರಿಗೆ ಇದು ತಕ್ಷಣ ಇಷ್ಟವಾಗುತ್ತೆ, ಯಾಕಂದ್ರೆ ಊರಿನ ರೆಗ್ಯುಲೇಟರ್ ತರಾನೇ ಮೇಲಿಂದ ಒತ್ತಿ ಕೂರಿಸೋದು. 21 ಮಿಲಿಮೀಟರ್ ಕ್ಲಿಪ್. ಸ್ಪ್ಯಾನರ್ ಬೇಡ, ತಿರುಗಿಸೋದು ಬೇಡ. ಇನ್ನೊಂದು ಲಾಭವೂ ಇದೆ. ಇದೇ ಅಳತೆಯ ಕೆಂಪು ಬಾಟಲಿಯಲ್ಲಿ ಹಿಡಿಯೋದು 6 ಕೆಜಿ ಮಾತ್ರ. ಪ್ರೊಪೇನ್ ಹಗುರ, ಅದೇ ಜಾಗಕ್ಕೆ ಕಡಿಮೆ ತೂಕ. ಕೆಜಿ ಲೆಕ್ಕದಲ್ಲಿ ಎರಡರ ಶಾಖವೂ ಹೆಚ್ಚು ಕಮ್ಮಿ ಒಂದೇ, ಹಾಗಾಗಿ ನೀಲಿಯಲ್ಲಿ ಒಂದು ಕೆಜಿ ಅಡುಗೆ ಜಾಸ್ತಿ. ಬೇಸಿಗೆಯಲ್ಲಿ ಬರೀ ಅಡುಗೆಗೆ ಅಂದ್ರೆ ನಮಗೆ ಮೂರು ವಾರಕ್ಕೆ ಮೋಸವಿಲ್ಲ.

ಆದರೆ ಆ ಕ್ಲಿಪ್ಪೇ ನನ್ನನ್ನು ಒಮ್ಮೆ ಹೆದರಿಸಿತು. ವೇಲ್ಸ್‌ನ ಪೆಂಬ್ರೋಕ್‌ಶೈರ್, ಆಗಸ್ಟ್, ಕಡಲ ಪಕ್ಕದ ಸೈಟ್. ಕತ್ತಲಾಗ್ತಿತ್ತು, ಮಕ್ಕಳು ಹಸಿವು ಅಂತಿದ್ದರು. ಬಾಟಲಿ ಬದಲಾಯಿಸಿದೆ, ಕ್ಲಿಪ್ ಒತ್ತಿದೆ, ಟಕ್ ಅಂತು. ಟಕ್ ಅಂದ ಮೇಲೆ ಮುಗೀತಲ್ಲ ಅಂತ ಒಳಗೆ ಹೋದೆ. ಒಗ್ಗರಣೆ ಆಯ್ತು, ಊಟ ಆಯ್ತು. ಅರ್ಧ ಗಂಟೆ ಬಿಟ್ಟು ಕುರ್ಚಿ ತೆಗೆಯೋಕೆ ಗಾಡಿಯ ಮುಂಭಾಗದ ಲಾಕರ್, ಅಂದ್ರೆ ಬಾಟಲಿ ಇಡುವ ಪೆಟ್ಟಿಗೆಯ ಬಾಗಿಲು ಎತ್ತಿದರೆ ಗಪ್ ಅಂತ ವಾಸನೆ ಮೂಗಿಗೆ ಹೊಡೀತು.

ಮೊದಲು ಕ್ಲಿಪ್ ಮೇಲಿನ ಗ್ಯಾಸ್ ಸ್ವಿಚ್ ತಿರುಗಿಸಿ ಗ್ಯಾಸ್ ನಿಲ್ಲಿಸಿದೆ. ಎಲ್ಲರನ್ನೂ ಹೊರಗೆ ಕರೆದೆ. ಯಾವ ಲೈಟೂ ಮುಟ್ಟಬೇಡಿ ಅಂದೆ, ಹಾಕಿದ್ದನ್ನು ಆರಿಸೋದೂ ಬೇಡ ಅಂದೆ. ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟು ದೂರ ನಿಂತೆವು. ವಾಸನೆ ಪೂರ್ತಿ ಹೋದ ಮೇಲೆ, ಚೆನ್ನಾಗಿ ಹೊತ್ತು ಬಿಟ್ಟು, ಕ್ಲಿಪ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಬಾಟಲಿ ಬಾಯೊಳಗಿನ ಕಪ್ಪು ರಬ್ಬರ್ ಮೇಲೆ ನಾಲ್ಕೈದು ಮರಳಿನ ಕಾಳು. ಕಡಲ ದಂಡೆಯಿಂದ ಬಂದ ಕೈಯಲ್ಲೇ ಮುಚ್ಚಳ ತೆಗೆದಿದ್ದೆ. ತಪ್ಪು ನನ್ನದೇ. ಒರೆಸಿ, ಮತ್ತೆ ಕೂರಿಸಿ, ಈ ಸಲ ಪಾತ್ರೆ ತೊಳೆಯುವ ಸೋಪಿನ ನೊರೆ ಹಚ್ಚಿ ನೋಡಿದೆ. ಗುಳ್ಳೆ ಏಳಲಿಲ್ಲ.

ಊರಲ್ಲಿ ಸಿಲಿಂಡರ್ ತರುವ ಹುಡುಗ ಮುಚ್ಚಳ ತೆಗೆದು ಬಾಯಿಗೆ ನೀರು ಬಿಟ್ಟು ಗುಳ್ಳೆ ನೋಡ್ತಾನಲ್ಲ, ಆ ಕೆಲಸ ಇಲ್ಲಿ ಯಾರೂ ಮಾಡಿಕೊಡಲ್ಲ. ನಾವೇ ಮಾಡಬೇಕು. ಕ್ಲಿಪ್ ಕೂರಿಸಿದ ಮೇಲೆ ಮೇಲಕ್ಕೆ ಒಮ್ಮೆ ಜಗ್ಗಿ ನೋಡೋದು, ಆಮೇಲೆ ನೊರೆ. ಬರೀ ಟಕ್ ಅನ್ನೋ ಸದ್ದನ್ನು ನಾನಂತೂ ನಂಬಲ್ಲ.

ಚಳಿಯ ವಿಷಯ ಹೇಳಿದೆನಲ್ಲ. ಬ್ಯೂಟೇನ್ ದ್ರವದಿಂದ ಆವಿಯಾಗೋದು ಸೊನ್ನೆ ಡಿಗ್ರಿ ಹತ್ತಿರ. ಅದಕ್ಕಿಂತ ತಣ್ಣಗಾದರೆ ಬಾಟಲಿಯಲ್ಲಿ ಸುಮ್ನೆ ಮಲಗಿರುತ್ತೆ. ಹೊರಗೆ ನಾಲ್ಕೈದು ಡಿಗ್ರಿ ಇದ್ದರೂ ತೊಂದರೆಯೇ, ಯಾಕಂದ್ರೆ ಆವಿಯಾಗ್ತಾ ಆಗ್ತಾ ಅದು ತನ್ನನ್ನೇ ಇನ್ನೂ ತಣ್ಣಗೆ ಮಾಡಿಕೊಳ್ಳುತ್ತೆ. ಆಗ ಬಾಟಲಿಯನ್ನು ಬಿಸಿ ಮಾಡೋಣ, ಒಳಗೆ ತಂದು ಹೀಟರ್ ಪಕ್ಕ ಇಡೋಣ ಅನಿಸುತ್ತೆ. ನನಗೂ ಅನಿಸಿತ್ತು. ಬೇಡ. ಬಾಟಲಿಯ ಜಾಗ ಲಾಕರ್, ಅಲ್ಲೇ ಇರಲಿ.

ಪ್ರೊಪೇನ್‌ಗೆ ಈ ಗೋಳಿಲ್ಲ. ಅದು ಮೈನಸ್ 42 ಡಿಗ್ರಿವರೆಗೂ ಆವಿಯಾಗುತ್ತೆ. ಕೆಸ್ವಿಕ್‌ನಿಂದ ಬಂದ ವಾರವೇ ಕೆಂಪು ಬಾಟಲಿಗೆ ಬದಲಾದೆ. ನಮ್ಮ ಗಾಡಿ 2008ರ ಮಾಡೆಲ್. ರೆಗ್ಯುಲೇಟರ್ ಬಾಟಲಿ ಮೇಲಿಲ್ಲ, ಲಾಕರ್ ಗೋಡೆಗೆ ಕೂರಿಸಿದ್ದಾರೆ, 30 ಮಿಲಿಬಾರ್ ಒತ್ತಡದ್ದು. ಅದು ಎರಡೂ ಗ್ಯಾಸ್‌ಗೆ ಆಗುತ್ತೆ, ನಡುವಿನ ಗಿಡ್ಡ ಪೈಪು ಮಾತ್ರ ಬದಲಾಯಿಸಿದರೆ ಸಾಕು. ಇನ್ನೂ ಹಳೇ ಗಾಡಿಗಳಲ್ಲಿ ಬ್ಯೂಟೇನ್‌ಗೆ 28, ಪ್ರೊಪೇನ್‌ಗೆ 37 ಮಿಲಿಬಾರ್ ಅಂತ ಬೇರೆ ಬೇರೆ ರೆಗ್ಯುಲೇಟರ್ ಇರುತ್ತವೆ. ಅಂಥ ಗಾಡಿ ಇರೋರು ಅಂಗಡಿಯಲ್ಲಿ ಕೇಳಿಕೊಂಡೇ ಬದಲಾಯಿಸಿ.

ಕೆಂಪು ಬಾಟಲಿಯ ಕತ್ತಿಗೆ ನಟ್ ಕೂರುವ ಮರೆ (ತ್ರೆಡ್) ಇದೆ, ಎಡಕ್ಕೆ ತಿರುಗುವ ಮರೆ. ಎಲ್ಲ ನಟ್ಟೂ ಬಲಕ್ಕೆ ಬಿಗಿಯಾದರೆ ಇದು ಎಡಕ್ಕೆ ಬಿಗಿಯಾಗುತ್ತೆ. ಮೊದಲ ದಿನ ಬಿಚ್ಚುತ್ತೇನೆ ಅಂದುಕೊಂಡು ಬಿಗಿ ಮಾಡಿ ಮಾಡಿ ಕೈ ನೋಯಿಸಿಕೊಂಡೆ. ಆಗ ಅಮ್ಮ ಅರಸೀಕೆರೆಯಿಂದ ಬಂದಿದ್ದರು. ಮೆಟ್ಟಿಲ ಮೇಲೆ ಕೂತು ನೋಡ್ತಿದ್ದರು.

"ಏನೋ ಇದು, ನಲ್ಲಿ ರಿಪೇರಿ ಮಾಡೋನ ತರ? ನಮ್ಮನೇದು ಒತ್ತಿದ್ರೆ ಕೂರುತ್ತೆ."

"ಇದು ಬೇರೆ ತರ ಅಮ್ಮ. ಇದ್ರಲ್ಲಿ ಪ್ರೆಶರ್ ಜಾಸ್ತಿ."

"ಪ್ರೆಶರ್ ನಿನಗೆ ಜಾಸ್ತಿ ಆಗಿದೆ. ಬೆವೆತು ಹೋಗಿದೀಯ."

ಪ್ರೆಶರ್ ನಿಜಕ್ಕೂ ಜಾಸ್ತಿ. 15 ಡಿಗ್ರಿ ಹವೆಯಲ್ಲಿ ಪ್ರೊಪೇನ್ ಬಾಟಲಿಯೊಳಗೆ ಸುಮಾರು 7 ಬಾರ್. ಬ್ಯೂಟೇನ್‌ದು 2 ಬಾರ್ ಕೂಡ ಇಲ್ಲ. ಗೋಡೆಯ ರೆಗ್ಯುಲೇಟರ್ ಮುಟ್ಟುವ ತನಕ ಆ ಗಿಡ್ಡ ಪೈಪಿನಲ್ಲಿ ಇರೋದು ಇದೇ ಒತ್ತಡ. ಹಾಗಾಗಿ ಅಲ್ಲಿ ಕೂದಲೆಳೆ ಸೀಳಿದ್ದರೂ ಕೆಂಪಿನಲ್ಲಿ ಜಾಸ್ತಿ ಸೋರುತ್ತೆ. ಪೈಪಿನ ಮೇಲೆ ತಯಾರಾದ ವರ್ಷ ಅಚ್ಚು ಹಾಕಿರುತ್ತಾರೆ. ನಾನು 5 ವರ್ಷಕ್ಕೆ ಪೈಪು, 10 ವರ್ಷಕ್ಕೆ ರೆಗ್ಯುಲೇಟರ್ ಬದಲಾಯಿಸುತ್ತೇನೆ. ಮಡಚಿ ನೋಡಿದಾಗ ಸಣ್ಣ ಬಿರುಕು ಕಂಡರೆ ವರ್ಷ ನೋಡೋಕೂ ಹೋಗಲ್ಲ.

ಇಷ್ಟೆಲ್ಲ ಇದ್ದೂ ಕೆಂಪಿನ ಕತ್ತು ನನಗೆ ಹೆಚ್ಚು ನಂಬಿಕೆಯದ್ದು. ಸ್ಪ್ಯಾನರ್‌ಗೆ ಬಿಗಿ ಸಿಕ್ಕಿತೋ ಇಲ್ಲವೋ ಕೈಗೆ ಗೊತ್ತಾಗುತ್ತೆ, ಅರ್ಧಂಬರ್ಧ ಕೂತು ಮೋಸ ಮಾಡಲ್ಲ. ಬಾಟಲಿ ಮೇಲೇ ತಿರುಗಿಸುವ ಚಕ್ರ ಇದೆ, ಬಲಕ್ಕೆ ತಿರುಗಿಸಿದರೆ ಬಂದ್. ಗಾಡಿ ಹೊರಡುವ ಮುಂಚೆ ಅದನ್ನು ಮುಚ್ಚೋದು ಕಾರಿನ ಬೆಲ್ಟ್ ಹಾಕಿಕೊಂಡಷ್ಟೇ ಅಭ್ಯಾಸ ಆಗಿದೆ. ಫ್ರಾನ್ಸ್‌ಗೆ ಹೋಗುವಾಗ ಚಾನೆಲ್ ಸುರಂಗದ ರೈಲಿಗೆ ಹತ್ತಿಸುವ ಮುಂಚೆ ಅಲ್ಲಿಯವರೂ ಇದನ್ನೇ ನೋಡುತ್ತಾರೆ. ಸ್ಪ್ಯಾನರ್ ಬೇಡ ಅನ್ನೋರಿಗೆ ಕೈಯಲ್ಲೇ ತಿರುಗಿಸುವ ನಟ್ ಇರುವ ಪೈಪೂ ಸಿಗುತ್ತೆ.

ಅಮ್ಮನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಆ ಸಲದ ಎರಡನೇ ರಾತ್ರಿ ಗಾಡಿಯೊಳಗೆ ಯಾಕೋ ಎಂದಿಗಿಂತ ಬೆಚ್ಚಗಿತ್ತು. ಬೆಳಗ್ಗೆ ಒಲೆ ಕೆಳಗಿನ ಕಪಾಟು ತೆಗೆದರೆ ನೆಲದ ತೂತಿಗೆ ನನ್ನ ಹಳೇ ಬನಿಯನ್ ಮಡಚಿ ತುರುಕಿದ್ದಾರೆ.

"ಕಾಲಿಗೆ ಚಳಿಗಾಳಿ ಹೊಡೀತಿತ್ತು ಕಣೋ. ಇಲಿ ಮಾಡಿದ ತೂತು ಅಂದ್ಕೊಂಡೆ."

ಅದು ಬೇಕಂತಲೇ ಮಾಡಿದ ತೂತು. ಈ ಎರಡೂ ಗ್ಯಾಸು ಗಾಳಿಗಿಂತ ಭಾರ. ಪ್ರೊಪೇನ್ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು. ಸೋರಿದರೆ ಮೇಲೆ ಹೋಗಲ್ಲ, ನೀರಿನ ತರ ಕೆಳಗೆ ಇಳಿದು ನೆಲದ ಮೇಲೆ ನಿಲ್ಲುತ್ತೆ. ಅದು ಹೊರಗೆ ಹೋಗಲಿ ಅಂತಲೇ ಆ ಜಾಲರಿ ತೂತು. ಲಾಕರ್ ಅಡಿಯಲ್ಲೂ ಇದೆ. ಅಮ್ಮನಿಗೆ ಹೇಳಿದೆ. ಬನಿಯನ್ ತೆಗೆದು ಕೊಟ್ಟರು, ಎರಡು ಜೊತೆ ಕಾಲುಚೀಲ ಹಾಕಿಕೊಂಡರು. ಯಾವ ಬಣ್ಣದ ಬಾಟಲಿ ಇಟ್ಟರೂ ಈ ತೂತಿನ ಮೇಲೆ ಚಾಪೆ, ಅಕ್ಕಿ ಚೀಲ, ಚಪ್ಪಲಿ ಏನೂ ಬೀಳಬಾರದು.

ಮೂರನೆಯದು ಹಗುರದ ಬಾಟಲಿ. ಫ್ಲೋಗ್ಯಾಸ್‌ನವರ ಗ್ಯಾಸ್‌ಲೈಟ್ ಅಂತ ಬರುತ್ತೆ, ಅದೂ ಪ್ರೊಪೇನೇ, 5 ಮತ್ತು 10 ಕೆಜಿ. ಉಕ್ಕಲ್ಲ, ನಾರು ಸುತ್ತಿ ಪ್ಲಾಸ್ಟಿಕ್ ಕವಚ ಹಾಕಿದ್ದು. ಈಚೆಗೆ ನಮ್ಮಲ್ಲೂ ಕಾಂಪೋಸಿಟ್ ಸಿಲಿಂಡರ್ ಅಂತ ಇಂಥವೇ ಬಂದಿವೆ. 6 ಕೆಜಿಯ ಉಕ್ಕಿನ ಬಾಟಲಿ ತುಂಬಿದಾಗ 15 ಕೆಜಿ ಹತ್ತಿರ ತೂಗುತ್ತೆ, ಅದನ್ನು ಬಗ್ಗಿ ಲಾಕರ್‌ಗೆ ಎತ್ತಿಡೋದು ಸೊಂಟಕ್ಕೆ ಕಷ್ಟ. ಇದನ್ನು ನನ್ನ ಹೆಂಡತಿ ಒಂದೇ ಕೈಯಲ್ಲಿ ತರುತ್ತಾಳೆ. ಬೆಳಕಿಗೆ ಹಿಡಿದರೆ ಒಳಗೆ ಎಷ್ಟು ಉಳಿದಿದೆ ಅಂತ ಗೆರೆ ಕಾಣುತ್ತೆ. ಉಕ್ಕಿನದಕ್ಕೆ ನಾನು ಊರಿನ ಉಪಾಯವನ್ನೇ ಮಾಡ್ತಿದ್ದೆ: ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಎಲ್ಲಿಯ ತನಕ ಬೇಗ ಒಣಗುತ್ತೆ ನೋಡೋದು. ಗ್ಯಾಸ್ ಇರುವ ಭಾಗ ತಣ್ಣಗಿರುತ್ತೆ, ತಡವಾಗಿ ಒಣಗುತ್ತೆ. ಇಂಗ್ಲೆಂಡಿನ ಮಳೆಯಲ್ಲಿ ಯಾವ ಭಾಗವೂ ಒಣಗಲ್ಲ, ಆ ಮಾತು ಬೇರೆ.

ಇದರ ಕತ್ತು ಮತ್ತೆ ಕ್ಲಿಪ್ಪು, ಆದರೆ 27 ಮಿಲಿಮೀಟರ್. ನೀಲಿಯ 21ರ ಕ್ಲಿಪ್ ಇದಕ್ಕೆ ಕೂರಲ್ಲ. ಒತ್ತಿ ನೋಡೋಣ ಅನ್ನೋ ಬುದ್ಧಿ ಬೇಡ. ನಮ್ಮ ತರ ಗೋಡೆ ರೆಗ್ಯುಲೇಟರ್ ಇದ್ದರೆ ಇದಕ್ಕೇ ಅಂತ ಇರುವ ಹೈ ಪ್ರೆಶರ್ ಪೈಪು ಕೊಳ್ಳಬೇಕು. ತೋಟದ ಬಾರ್ಬೆಕ್ಯೂಗೆ ಹಾಕುವ ರೆಗ್ಯುಲೇಟರ್ ತಂದು ಜೋಡಿಸೋದಲ್ಲ. ಒಂದು ಕೊರತೆ ಅಂದ್ರೆ, ಸ್ಕಾಟ್ಲೆಂಡ್‌ನ ಒಳಗಡೆ ಖಾಲಿಯಾದಾಗ ಬದಲಿ ಬಾಟಲಿಗೆ ಮೂರು ಊರು ಸುತ್ತಿದೆ. ಕೆಂಪು, ನೀಲಿ ಎಲ್ಲ ಕಡೆ ಇದ್ದವು.

ನಾಲ್ಕನೆಯದು ನಾವೇ ತುಂಬಿಸಿಕೊಳ್ಳುವ ಬಾಟಲಿ. ಗೆಳೆಯನೊಬ್ಬನ ಸೇಫ್‌ಫಿಲ್ ಬಾಟಲಿಯನ್ನು ಒಂದು ಬೇಸಿಗೆ ಪೂರ್ತಿ ಬಳಸಿದೆ. ಗ್ಯಾಸ್ ಕಾರಿಗೆ ತುಂಬುವ ಬಂಕಿನಲ್ಲಿ ಲೀಟರ್ ಲೆಕ್ಕದಲ್ಲಿ ತುಂಬೋದು. ಒಂದು ಲೀಟರ್ ಅಂದ್ರೆ ಸುಮಾರು ಅರ್ಧ ಕೆಜಿ. ಬದಲಿ ಬಾಟಲಿಗಿಂತ ತುಂಬಾ ಅಗ್ಗ. ಶೇಕಡ 80 ತುಂಬಿದ ಕೂಡಲೇ ಅದರೊಳಗಿನ ವಾಲ್ವ್ ತಾನೇ ನಿಲ್ಲಿಸುತ್ತೆ, ಮೇಲಿನ ಜಾಗ ಬಿಸಿಲಿಗೆ ಗ್ಯಾಸ್ ಹಿಗ್ಗಲಿ ಅಂತ ಖಾಲಿ ಇರಬೇಕು. ಇದನ್ನು ನೋಡಿ ಮಾಮೂಲಿ ಕೆಂಪು ಬಾಟಲಿಗೆ ಅಡಾಪ್ಟರ್ ಹಾಕಿ ಬಂಕಿನಲ್ಲಿ ತುಂಬಿಸುವವರಿದ್ದಾರೆ. ಅದರೊಳಗೆ ಈ 80ರ ವಾಲ್ವ್ ಇಲ್ಲ, ಜೊತೆಗೆ ಆ ಬಾಟಲಿ ನಮ್ಮದಲ್ಲ, ಕಂಪನಿಯದು. ಅಂಥವರ ಪಕ್ಕ ನಾನು ಗಾಡಿ ನಿಲ್ಲಿಸಲ್ಲ.

ಆದರೂ ಇದನ್ನು ಕೊಳ್ಳಲಿಲ್ಲ. ಮೊದಲಿಗೆ ಹಾಕುವ ದುಡ್ಡು ಜಾಸ್ತಿ. ಗ್ಯಾಸ್ ಹಾಕುವ ಬಂಕುಗಳು ಇಲ್ಲಿ ವರ್ಷ ವರ್ಷ ಕಡಿಮೆಯಾಗ್ತಿವೆ. ಇರುವ ಕೆಲವರು ಬಿಡಿ ಬಾಟಲಿ ಅಂದ ಕೂಡಲೇ ಆಗಲ್ಲ ಅಂತಾರೆ. ವರ್ಷಕ್ಕೆ ಐವತ್ತು ಅರವತ್ತು ರಾತ್ರಿ ಗಾಡಿಯಲ್ಲೇ ಕಳೆಯುವವರಿಗೆ ಇದು ಸರಿ. ನಮಗೆ ಹದಿನೈದು ರಾತ್ರಿ ಆದರೆ ಹೆಚ್ಚು.

ಐದನೆಯದು ಕ್ಯಾಂಪಿಂಗಾಜ್ ಕಂಪನಿಯ 907 ಅನ್ನೋ ಸಣ್ಣ ಬಾಟಲಿ, ಫ್ರಾನ್ಸ್‌ನಲ್ಲಿ ಒಂದೇ ಸಲ ಬಳಸಿದ್ದು. 2.75 ಕೆಜಿ, ಬ್ಯೂಟೇನ್. ಯುರೋಪಿನ ಎಷ್ಟೋ ದೇಶಗಳಲ್ಲಿ ಬದಲಿ ಸಿಗುತ್ತೆ, ಅದೊಂದೇ ಗುಣ. ಕೆಜಿ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತೆ.

ಹೀಟರ್ ಮಾತು ಬಿಟ್ಟರೆ ಲೆಕ್ಕ ಪೂರ್ತಿ ಆಗಲ್ಲ. 3 ಕಿಲೋವ್ಯಾಟ್ ಹೀಟರ್ ಪೂರ್ತಿ ಜೋರಿನಲ್ಲಿ ಗಂಟೆಗೆ 200 ಗ್ರಾಂ ಮೇಲೆ ತಿನ್ನುತ್ತೆ. 6 ಕೆಜಿ ಬಾಟಲಿ ಮೂರು ರಾತ್ರಿಗೆ ಮುಗೀತು. ಸೈಟ್‌ನಲ್ಲಿ ಕರೆಂಟ್ ಇದ್ದರೆ ಚಳಿಗೆ ಅದನ್ನೇ ಹಾಕಿ, ಗ್ಯಾಸ್ ಅಡುಗೆಗಿರಲಿ. ಒಲೆ ಹಚ್ಚಿಟ್ಟು ಗಾಡಿ ಬೆಚ್ಚಗೆ ಮಾಡಿಕೊಳ್ಳೋದು, ಮಳೆ ಅಂತ ಬಾರ್ಬೆಕ್ಯೂವನ್ನು ಪಕ್ಕದ ಡೇರೆಯೊಳಗೆ ತರೋದು ಬೇಡವೇ ಬೇಡ. ಮುಚ್ಚಿದ ಜಾಗದಲ್ಲಿ ಉರಿದರೆ ಹುಟ್ಟುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಅದಕ್ಕೆ ಅಲಾರಂ ಇದೆ, ಅದರ ಬ್ಯಾಟರಿಯನ್ನು ಮಕ್ಕಳ ಆಟದ ಕಾರಿಗೆ ಹಾಕದಿದ್ದರೆ ಸಾಕು. ನಮ್ಮ ಮನೆಯಲ್ಲಿ ಒಮ್ಮೆ ಹಾಕಿದ್ದರು.

ಬೇಸಿಗೆಯಲ್ಲಿ ಒಂದು ವಾರ ಹೋಗಿ ಬರೋರಿಗೆ ನೀಲಿ ಸಾಕು. ಬೆನ್ನು ನೋವಿದ್ದರೆ, ಊರ ಹತ್ತಿರವೇ ಸುತ್ತೋದಾದರೆ ಹಗುರದ್ದು. ನಮ್ಮ ಹಾಗೆ ಚಳಿಗಾಲದಲ್ಲೂ ಹೊರಡುವವರು, ಆ ಚಳಿಯಲ್ಲೂ ಉರಿ ಜೋರಾಗಿದ್ದರೇ ದೋಸೆ ಏಳೋದು ಅನ್ನೋರು ಕೆಂಪು ತಗೊಳ್ಳಿ. ಈಗ ನಮ್ಮ ಲಾಕರ್‌ನಲ್ಲಿ 6 ಕೆಜಿಯ ಎರಡು ಕೆಂಪು ಬಾಟಲಿ ನೆಟ್ಟಗೆ ನಿಂತಿವೆ, ಪಟ್ಟಿ ಬಿಗಿದು. ಮಲಗಿಸಿದರೆ ಆವಿಯ ಬದಲು ದ್ರವವೇ ಬಾಯಿಗೆ ಬರುತ್ತೆ, ಅದಕ್ಕೆ ಕಾರಿನಲ್ಲಿ ಅಂಗಡಿಯಿಂದ ತರುವಾಗಲೂ ನೆಟ್ಟಗೇ. ಸ್ಪ್ಯಾನರ್ ಅನ್ನು ಎರಡು ಸಲ ಕಳೆದುಕೊಂಡ ಮೇಲೆ ಲಾಕರ್ ಬಾಗಿಲಿಗೇ ದಾರ ಕಟ್ಟಿ ನೇತುಹಾಕಿದ್ದೇನೆ. ಪಕ್ಕದಲ್ಲಿ ಅಮ್ಮನ ಕೈಬರಹದ ಚೀಟಿ ಅಂಟಿಸಿದೆ: "ಎಡಕ್ಕೆ ಬಿಗಿ."