ರೊಟ್ಟಿ ಬಡಿಯುವ ಮನೆಯ ಸಿಂಕಿಗೆ ಸ್ಟೀಲ್ ಜಾಲರಿಯೇ ಸರಿ

ಹುಬ್ಬಳ್ಳಿಯ ದುರ್ಗದಬೈಲಿನ ಪಾತ್ರೆ ಅಂಗಡಿಯಲ್ಲಿ 80 ರೂಪಾಯಿ ಕೊಟ್ಟು ತಂದ ಸ್ಟೀಲ್ ಜಾಲರಿ ಬಟ್ಟಲು ಸಿಂಕಿನ ಬಾಯಲ್ಲಿ ಕೂತ ಮೇಲೆ ನಮ್ಮ ಮನೆಗೆ ಪ್ಲಂಬರ್ ಬಂದಿಲ್ಲ. ಅದಕ್ಕೂ ಮೊದಲು ಕಟ್ಟಿಕೊಂಡ ಪೈಪ್ ಬಿಡಿಸುವ ಪುಡಿ ಹಾಕಿದ್ದೆವು, ಸಿಲಿಕಾನ್ ಜಾಲರಿಯನ್ನೂ ಇಟ್ಟಿದ್ದೆವು. ಮೂರರಲ್ಲಿ ನನಗೆ ಬೇಕಾದದ್ದು ಸ್ಟೀಲಿನದೇ. ಆದರೆ ಅದರ ಒಂದು ಕಿರಿಕಿರಿಯನ್ನು ಬಿಡಿಸಿ ಹೇಳಲೇಬೇಕು.

ಮೊದಲು ಪುಡಿ. ಇಂಥ ಪುಡಿಗಳಲ್ಲಿ ಮುಖ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ನೀರು ತಾಗಿದ ಕೂಡಲೇ ಬಿಸಿಯೇರುತ್ತದೆ, ಪೈಪಿನಲ್ಲಿ ಹಿಡಿದ ಜಿಡ್ಡನ್ನು ಸಾಬೂನಾಗಿ ಮಾಡಿ ಬಿಡಿಸುತ್ತದೆ. ನೀರು ನಿಧಾನವಾಗಿಯಾದರೂ ಇಳಿಯುತ್ತಿದ್ದರೆ ಕೆಲಸ ಮಾಡುತ್ತದೆ, ಅದು ನಿಜ. ಪೂರ್ತಿ ಕಟ್ಟಿಕೊಂಡಿದ್ದರೆ ಪುಡಿ ಪೈಪಿನ ಬಾಗಿನಲ್ಲೇ ಕೂತು ಕಲ್ಲಿನಂತೆ ಗಟ್ಟಿಯಾಗಬಹುದು. ನಮ್ಮಲ್ಲಿ ಆದದ್ದು ಅದೇ. ಕೊನೆಗೆ ಪ್ಲಂಬರ್ ಬಂದು ಸಿಂಕಿನ ಕೆಳಗಿನ ಪೈಪನ್ನೇ ಬಿಚ್ಚಿದ. ಪುಡಿಯ ದುಡ್ಡೂ ಹೋಯ್ತು, ಕೂಲಿಯೂ ಹೋಯ್ತು. ಕೈಗೆ, ಕಣ್ಣಿಗೆ ತಾಗಿದರೆ ಸುಡುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತದೆ. ಇದರ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಹಾಕಲೇಬಾರದು. ಸಣ್ಣ ಮಕ್ಕಳಿರುವ ಮನೆಯಲ್ಲಿ ಇದನ್ನು ಇಡುವುದೇ ನನಗೆ ಇಷ್ಟವಿಲ್ಲ.

ಅಡುಗೆ ಸೋಡಾ, ನಿಂಬೆರಸ: ನೊರೆ ಬರುತ್ತದೆ, ನೀರು ಇಳಿಯುವುದಿಲ್ಲ.

ಸಿಲಿಕಾನ್ ಜಾಲರಿ ನೋಡಲು ಚಂದ, ತೊಳೆಯಲೂ ಸಲೀಸು. ಆದರೆ ಚಪ್ಪಟೆ. ಮುಸುರೆ ತಿಕ್ಕುವಾಗ ಕುಕ್ಕರಿನ ತಳ ತಾಗಿದರೆ ಸಾಕು, ಪಕ್ಕಕ್ಕೆ ಸರಿಯುತ್ತದೆ. ಸಾಸಿವೆ, ಕರಿಬೇವು, ಚಹಾ ಪುಡಿ ಎಲ್ಲಾ ಸಂದಿಯಲ್ಲಿ ಹೋಗಿಬಿಡುತ್ತವೆ. ದಿನಾ ಅನ್ನ ಸಾರು ಮಾಡುವ, ಕರಿದದ್ದು ಕಡಿಮೆ ಇರುವ ಮನೆಗೆ ಸಾಕಾಗಬಹುದು.

ಈಗ ಸ್ಟೀಲ್ ಬಟ್ಟಲು. ಆಳವಿದೆ, ಬಾಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಚಹಾ ಪುಡಿಯನ್ನೂ ಬಿಡುವುದಿಲ್ಲ. ಇದರ ಕಿರಿಕಿರಿ ಒಂದೇ, ಜೋಳದ ಹಿಟ್ಟು.

ರೊಟ್ಟಿ ಬಡಿದಾದ ಮೇಲೆ ಪರಾತದ ಅಂಚಿಗೆ ಹಿಟ್ಟು ಮೆತ್ತಿಕೊಂಡಿರುತ್ತದೆ. ಅದನ್ನು ಹಾಗೇ ಸಿಂಕಿನಲ್ಲಿ ತೊಳೆದರೆ ಬೂದು ಬಣ್ಣದ ನೀರು ಜಾಲರಿಗೆ ಇಳಿದು ಒಂದು ತೆಳು ಪೊರೆ ಕಟ್ಟುತ್ತದೆ. ಸಣ್ಣ ತೂತೆಲ್ಲ ಮುಚ್ಚುತ್ತವೆ. ನೀರು ಏರುತ್ತದೆ, ಅದರ ಮೇಲೆ ಈರುಳ್ಳಿ ಸಿಪ್ಪೆ ತೇಲುತ್ತದೆ. ಮುಸುರೆ ತಿಕ್ಕುವವರಿಗೆ ಬೇಸರ ಬರುತ್ತದೆ, ಬಟ್ಟಲನ್ನೇ ಎತ್ತಿ ಪಕ್ಕಕ್ಕೆ ಇಡುತ್ತಾರೆ. ತಡೆದು ನಿಂತದ್ದೆಲ್ಲ ಒಮ್ಮೆಲೇ ಪೈಪಿನೊಳಗೆ. ಅಲ್ಲಿಗೆ ಜಾಲರಿ ಇದ್ದೂ ಇಲ್ಲದ ಹಾಗೆ, ಅಲ್ವಾ?

ಬಿಸಿನೀರು ಸುರಿದರೆ ಬಿಡುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಹಿಟ್ಟಿನ ವಿಷಯದಲ್ಲಿ ಅದು ತಪ್ಪು. ಎಸರಿಟ್ಟು ಹಿಟ್ಟು ಕಲಸುವುದು ಯಾಕೆ? ಬಿಸಿಗೆ ಹಿಟ್ಟು ಬೆಂದು ಅಂಟು ಬರಲಿ ಅಂತ. ಸುಮಾರು 70 ಡಿಗ್ರಿ ಬಿಸಿಗೆ ಜೋಳದ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಅದೇ ಕೆಲಸ ಪೈಪಿನಲ್ಲೂ ನಡೆಯುತ್ತದೆ. ಜಿಡ್ಡಿನ ಕಥೆ ಬೇರೆ. ಬಿಸಿನೀರಿಗೆ ಅದು ಕರಗುತ್ತದೆ, ಆದರೆ ಮುಂದೆ ಹೊರಗಿನ ಚರಂಡಿ ಚೇಂಬರಿನ ಹತ್ತಿರ ತಣ್ಣಗಾಗಿ ಮತ್ತೆ ಹಿಡಿಯುತ್ತದೆ.

ನಮ್ಮ ಓಣಿಗೆ ಮಲಪ್ರಭಾ ನೀರು ದಿನಾ ಬರುವುದಿಲ್ಲ, ಹೀಗಾಗಿ ಪಾತ್ರೆಗೆ ಬೋರ್ ನೀರು, ಅದೂ ಹಿಡಿತದಲ್ಲಿ. ನೀರಿನ ರಭಸ ಇಲ್ಲದ ಕಡೆ ಹಿಟ್ಟು, ಜಿಡ್ಡು ಪೈಪಿನಲ್ಲೇ ನಿಲ್ಲುತ್ತವೆ. ಬೋರ್ ನೀರಿನ ಗಡಸು ಜಿಡ್ಡಿನ ಜೊತೆ ಸೇರಿದರೆ ಬಿಳಿ ಗಸಿ ಕಟ್ಟುತ್ತದೆ. ಪಂಚಮಿ, ದೀಪಾವಳಿಯಲ್ಲಿ ಚಕ್ಕುಲಿ, ಕೊಡಬಳೆ ಕರಿದ ಮೇಲೆ ಇದು ಇನ್ನೂ ಜಾಸ್ತಿ.

ಹಾಗಾಗಿ ಪರಾತವನ್ನು ನಾವೀಗ ಸಿಂಕಿಗೆ ಹಾಗೇ ಹಾಕುವುದಿಲ್ಲ. ಒಣಗಿದ ಹಿಟ್ಟನ್ನು ಕೆರೆದು ಹಸಿ ಕಸಕ್ಕೆ ಹಾಕುತ್ತೇವೆ. ಉಳಿದದ್ದನ್ನು ತಣ್ಣೀರಿನಲ್ಲಿ ನೆನೆಸಿ, ಆ ನೀರನ್ನು ಹಿತ್ತಲಿಗೆ ಚೆಲ್ಲುತ್ತೇವೆ. ಎಮ್ಮೆ ಕಟ್ಟಿದ ಮನೆಗಳಲ್ಲಿ ಈ ತಾಪತ್ರಯವೇ ಇರಲಿಲ್ಲ. ಹಿಟ್ಟಿನ ನೀರು, ಅಕ್ಕಿ ತೊಳೆದ ನೀರು ಎಲ್ಲಾ ಕಲಗಚ್ಚಿನ ಬಕೆಟ್ಟಿಗೆ ಹೋಗುತ್ತಿತ್ತು. ಮಿರ್ಚಿ ಕರಿದ ಬಾಣಲೆಯನ್ನು ಹಳೇ ಪೇಪರಿನಿಂದ ಒರೆಸಿಯೇ ತೊಳೆಯಲು ಇಡುವುದು. ಇಷ್ಟಾದರೆ ಬಟ್ಟಲನ್ನು ಎತ್ತುವ ಪ್ರಸಂಗವೇ ಬರುವುದಿಲ್ಲ.

ಅಂಗಡಿಯಲ್ಲಿ ದೊಡ್ಡ ತೂತಿನ ಬಟ್ಟಲೂ ಇತ್ತು. ಅದರಲ್ಲಿ ಹಿಟ್ಟು ನಿಲ್ಲುವುದಿಲ್ಲ, ನೀರು ಸರಸರ ಇಳಿಯುತ್ತದೆ. ಆದರೆ ಅಗಸಿ ಕಾಳು, ಚಹಾ ಪುಡಿ ಪೈಪಿಗೆ ಹೋಗುತ್ತವೆ. ನೆನೆದ ಅಗಸಿ ಲೋಳೆ ಬಿಡುತ್ತದೆ, ಒಳಗೆ ಹಿಡಿದರೆ ಬಿಡಿಸುವುದು ಕಷ್ಟ. ಅದಕ್ಕೇ ನಾನು ಸಣ್ಣ ಜಾಲರಿಯನ್ನೇ ಇಟ್ಟುಕೊಂಡೆ. ರಾತ್ರಿ ಹಳೇ ಹಲ್ಲಿನ ಬ್ರಷ್‌ನಿಂದ ಉಲ್ಟಾ ಕಡೆಯಿಂದ ಉಜ್ಜಿದರೆ ತೂತು ತೆರೆಯುತ್ತವೆ.

ಎರಡು ಹೊತ್ತೂ ರೊಟ್ಟಿ, ತಿಂಗಳ ಖರ್ಚು ಲೆಕ್ಕದಲ್ಲಿ ಇರಬೇಕು ಅನ್ನುವ ಮನೆ ನಮ್ಮದು. ಒಮ್ಮೆ 80 ರೂಪಾಯಿ ಹಾಕಿದರೆ ಮುಗಿಯುತ್ತದೆ, ಪುಡಿಯನ್ನು ಮತ್ತೆ ಮತ್ತೆ ತರಬೇಕು. ತರುವ ಮುಂಚೆ ಸಿಂಕಿನ ಬಾಯಿಯ ಅಳತೆ ತೆಗೆದುಕೊಂಡು ಹೋಗಿ. ಬಟ್ಟಲುಗಳು ಬೇರೆ ಬೇರೆ ಸೈಜಿನಲ್ಲಿ ಬರುತ್ತವೆ, ಸಡಿಲಾದರೆ ಸಿಲಿಕಾನಿನ ಹಾಗೆಯೇ ಸರಿದಾಡುತ್ತದೆ.