ಹಾಸನದಲ್ಲಿ ಕೊಂಡ ಅಳಗುಳಿ ಮಣೆ: ಮರ ಚೆನ್ನ, ಗುಳಿಯ ಆಳ ಸಾಲದು

ಹಾಸನದ ಕರಕುಶಲ ವಸ್ತುಗಳ ಅಂಗಡಿಯೊಂದರಲ್ಲಿ ಕಳೆದ ತಿಂಗಳು ಕೊಂಡ, ನಡುವೆ ಮಡಚುವ ಅಳಗುಳಿ ಮಣೆಯಲ್ಲಿ ಮನೆಮಂದಿಯೆಲ್ಲ ಮೂರು ವಾರ ಆಡಿ ನೋಡಿದ್ದೇವೆ. ಸಾಲಿಗೆ 7ರಂತೆ 14 ಗುಳಿಗಳಿರುವ ಈ ಮಣೆಯ ಮರ ಗಟ್ಟಿಯಾಗಿದೆ, ಅಂಚುಗಳೂ ನಯವಾಗಿವೆ. ಆದರೆ ಗುಳಿಗಳ ಆಳ ಕಡಿಮೆ. ಗುಳಿಯೊಂದರ ಕಾಳುಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಿ, ಕೈ ಬರಿದಾದಾಗ ಅದರ ಮುಂದಿನ ಗುಳಿಯಿಂದ ಮತ್ತೆ ಎತ್ತಿಕೊಳ್ಳುವ, ಅದು ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿರುವುದನ್ನು ಗೆದ್ದುಕೊಳ್ಳುವ ಈ ಆಟದಲ್ಲಿ ಒಂದೇ ಗುಳಿಯಲ್ಲಿ ಹತ್ತು ಹನ್ನೆರಡು ಕಾಳು ಸೇರುವುದುಂಟು. ಆಗ ಮೇಲಿನವು ಪಕ್ಕಕ್ಕೆ ಜಾರಿ, ಲೆಕ್ಕ ತಪ್ಪಿ, ಜಗಳಕ್ಕೆ ದಾರಿಯಾಗುತ್ತದೆ. (ನಮ್ಮಲ್ಲಿ ಎರಡು ಸಲ ಆಗಿದೆ.)

ಜೊತೆಗೆ ಕೊಟ್ಟಿರುವ ಕವಡೆಗಳು 56, ಅಂದರೆ ಗುಳಿಗೆ 4. ನಮ್ಮ ಮನೆಯಲ್ಲಿ ಗುಳಿಗೆ 5 ಹಾಕುವ ರೂಢಿಯಿರುವುದರಿಂದ 70 ಬೇಕು. ಎರಡೂ ಪದ್ಧತಿಗಳು ಚಾಲ್ತಿಯಲ್ಲಿರುವಾಗ ಇನ್ನೊಂದು 14 ಸೇರಿಸಲು ಜಿಪುಣತನವೇಕೆ? ಕೊನೆಗೆ ಹುಣಸೆ ಬೀಜಗಳನ್ನು ತೊಳೆದು ಒಣಗಿಸಿ ಬಳಸಿದೆವು. ಚಪ್ಪಟೆಯಾದ ಅವು ಗುಳಿಯಲ್ಲಿ ಕವಡೆಗಿಂತ ಚೆನ್ನಾಗಿ ಕೂರುತ್ತವೆ. ಕವಡೆಗಳೂ ವ್ಯರ್ಥವಾಗಲಿಲ್ಲ: ನೆಲದ ಮೇಲೆ ಸೀಮೆಸುಣ್ಣದಿಂದ 25 ಮನೆಗಳನ್ನು ಬರೆದು, ಕವಡೆಗಳಲ್ಲಿ 4ನ್ನು ಆರಿಸಿಕೊಂಡು ಚೌಕಾಬಾರ ಆಡುತ್ತಿದ್ದೇವೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ 8ರ ಬಾರ.

ಹಿತ್ತಾಳೆಯ ಕೀಲು ಬಿಗಿಯಾಗಿದೆ. ಆಳವಾದ ಗುಳಿಯ ಮಣೆ ಸಿಗುವುದೇ ಎಂದು ಅಂಗಡಿಯವರನ್ನು ಕೇಳಿದ್ದಕ್ಕೆ, ಮರ ದಪ್ಪವಾದರೆ ಮಡಚಿ ಒಯ್ಯಲು ಭಾರವಾಗುತ್ತದೆ ಎಂದರು. ಮನೆಯಲ್ಲೇ ಆಡುವವರು ಮಡಚದ ಮಣೆಯನ್ನೇ ಕೇಳಿ ಪಡೆಯುವುದು ಒಳ್ಳೆಯದು.