ದಾವಣಗೆರೆಯ ಭಾನುವಾರದ ಸೈಟು-ಉಳಿತಾಯ ತರಗತಿ: ಕಾಗದಪತ್ರದ ಪಾಠಕ್ಕೆ ಪೂರ್ತಿ ಅಂಕ, ದುಡ್ಡಿನ ಪಾಠಕ್ಕೆ ಅರ್ಧ

ನಮ್ಮ ಊರಲ್ಲಿ ಕೈಗೆ ನಾಲ್ಕು ಕಾಸು ಬಂತು ಅಂದರೆ ಮೊದಲು ನೆನಪಾಗೋದು ಸೈಟು. ಶಾಮನೂರು ರಸ್ತೆ, ಹದಡಿ ರಸ್ತೆ, ಎಲ್ಲಿ ಹೋದರೂ ಅದೇ ಮಾತು. ಆದರೆ ಸೈಟು ಹೇಗೆ ನೋಡಿ ತಗೊಳ್ಳಬೇಕು ಅಂತ ಹೇಳಿಕೊಡುವವರು ಹೆಚ್ಚಾಗಿ ಅದನ್ನು ಮಾರುವವರೇ ಆಗಿರುತ್ತಾರೆ, ಅಲ್ವಾ? ಅದಕ್ಕೇ ವಿದ್ಯಾನಗರದ ಕಡೆ ನಡೆಯುವ ಈ ತರಗತಿಗೆ ಸೇರಿಕೊಂಡೆ. ದೂರೂ ಒಂದಿದೆ, ಹಾಗಾಗಿ ಹೆಸರು ಹಾಕುತ್ತಿಲ್ಲ.

ಮೊದಲು ಚೆನ್ನಾಗಿರೋದು ಹೇಳ್ತೀನಿ. ಪಾಠ ಮಾಡುವ ಮೇಷ್ಟ್ರು ನೋಂದಣಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಭಾಷಣ ಇಲ್ಲ. ಬಂದ ತಕ್ಷಣ ಎಲ್ಲರ ಕೈಗೂ ಎರಡು ಹಾಳೆ ಕೊಟ್ಟರು, ಎರಡೂ ಪಂಚಾಯ್ತಿಯ ಈ-ಸ್ವತ್ತು ಕಾಗದ, ಅಂದರೆ ಹಳ್ಳಿ ಆಸ್ತಿಗಳ ಕಂಪ್ಯೂಟರ್ ದಾಖಲೆ. ಲೋಗೋ ಒಂದೇ, ಅಳತೆ ಒಂದೇ, ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಬರೆದ ರೀತಿಯೂ ಒಂದೇ. ‘ವ್ಯತ್ಯಾಸ ಹುಡುಕಿ’ ಅಂದರು. ಹತ್ತು ನಿಮಿಷ ಯಾರಿಗೂ ಸಿಗಲಿಲ್ಲ. ಒಂದರ ಮೇಲೆ ನಮೂನೆ 11ಎ ಅಂತಿತ್ತು, ಇನ್ನೊಂದರ ಮೇಲೆ 11ಬಿ. ನಮೂನೆ 9ರ (ಇದೂ ಪಂಚಾಯ್ತಿಯ ಆಸ್ತಿ ದಾಖಲೆಯೇ) ಜೊತೆ 11ಎ ಇದ್ದರೆ ಗ್ರಾಮಠಾಣಾ, ಅಂದರೆ ಊರಿನ ವಾಸದ ಪ್ರದೇಶದ ಒಳಗಿನ ಜಾಗ, ಅಥವಾ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸೋದು) ಆಗಿ ನಕ್ಷೆಗೆ ಒಪ್ಪಿಗೆ ಸಿಕ್ಕಿರೋ ಬಡಾವಣೆ. 11ಬಿ ಅಂದರೆ ತೆರಿಗೆ ಕಟ್ಟಿಸಿಕೊಳ್ಳಲು ಪಂಚಾಯ್ತಿ ದಾಖಲೆಗೆ ಸೇರಿಸಿದೆ ಅಂತ ಅಷ್ಟೇ, ಬಡಾವಣೆಗೆ ಒಪ್ಪಿಗೆ ಸಿಕ್ಕಿದೆ ಅಂತಲ್ಲ. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮೊದಲು ನೋಡೋದೂ ಇದನ್ನೇ. ‘ಈ-ಸ್ವತ್ತು ಆಗಿದೆ ಸಾರ್, ಏನೂ ತೊಂದರೆ ಇಲ್ಲ’ ಅನ್ನೋ ಮಾತಿನ ಬೆಲೆ ಎಷ್ಟು ಅಂತ ಆಗ ಗೊತ್ತಾಯಿತು.

ಇಸಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರದ ಬಗ್ಗೆಯೂ ಹಾಗೆಯೇ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ ತೆಗೆದರೆ ನೋಂದಣಿ ಆದ ವ್ಯವಹಾರ ಮಾತ್ರ ಕಾಣುತ್ತದೆ. ಬಾಯಿಮಾತಿನ ಪಾಲು, ನೋಂದಣಿ ಆಗದ ಅಗ್ರಿಮೆಂಟು ಅದರಲ್ಲಿ ಇರೋದಿಲ್ಲ. ಪಿತ್ರಾರ್ಜಿತ ಜಮೀನಾದರೆ ವಂಶವೃಕ್ಷ ಕೇಳಿ, ಮನೆಯ ಹೆಣ್ಣುಮಕ್ಕಳ ಸಹಿ ಇದೆಯಾ ನೋಡಿ ಅಂದರು, ಯಾಕಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಅವರಿಗೂ ಸಮಪಾಲು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆ ಪ್ರಕಾರ ಆ ಕ್ರಯವೇ ನಿಲ್ಲೋದಿಲ್ಲ. ಇದನ್ನು ನನಗೆ ಯಾವ ಏಜೆಂಟೂ ಹೇಳಿರಲಿಲ್ಲ. ನಗರದ ಸುತ್ತಮುತ್ತಲಿನ ಬಡಾವಣೆಯಾದರೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿಗೆ ಪತ್ರದ ಪ್ರತಿ ಕೇಳಿ ತಗೊಳ್ಳಿ, ಬೋರ್ಡ್ ಮೇಲಿನ ಅಕ್ಷರ ನಂಬಬೇಡಿ ಅಂತಲೂ ಹೇಳಿದರು.

ದುಡ್ಡಿನ ಪಾಠಕ್ಕೆ ಬಂದರೆ ಅಷ್ಟು ಜೀವ ಇರಲಿಲ್ಲ. ಇಎಂಐ ಲೆಕ್ಕ ಚೆನ್ನಾಗಿತ್ತು: 20 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 17,350 ರೂಪಾಯಿ, ಕೊನೆಗೆ ಬಡ್ಡಿಯೇ 21 ಲಕ್ಷ ದಾಟುತ್ತದೆ. ಇನ್ನೊಂದು ಒಳ್ಳೆ ಮಾತು ಡೆಪಾಸಿಟ್ ಬಗ್ಗೆ. ಬ್ಯಾಂಕಿನಲ್ಲಿಟ್ಟ ಹಣಕ್ಕೆ 5 ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಹಕಾರ ಸಂಘದಲ್ಲಿ ಇಟ್ಟದ್ದಕ್ಕೆ ಅದು ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಅಪ್ಪ-ಅಮ್ಮನ ಪಿಂಚಣಿ ಹಣವನ್ನೆಲ್ಲ ಒಂದೇ ಸೊಸೈಟಿಯಲ್ಲಿ ಇಡುವ ಮನೆಗಳು ನಮ್ಮಲ್ಲಿ ಎಷ್ಟಿವೆ! ಇದನ್ನು ಇನ್ನೂ ಒತ್ತಿ ಹೇಳಬೇಕಿತ್ತು. ಮ್ಯೂಚುವಲ್ ಫಂಡ್, ಪಿಪಿಎಫ್ ಎಲ್ಲ ಸುಮ್ನೆ ಓಡಿಸಿಬಿಟ್ಟರು.

ಮಾರುವಾಗಿನ ತೆರಿಗೆ ಬಗ್ಗೆ ಒಂದು ಮಾತೂ ಇಲ್ಲ. ಮನೆಗೆ ಬಂದು ನಾನೇ ಲೆಕ್ಕ ಹಾಕಿದೆ. 24 ಲಕ್ಷಕ್ಕೆ 30x40 ಅಡಿಯ ಒಂದು ಸೈಟು ತಗೊಂಡು 5 ವರ್ಷ ಬಿಟ್ಟು 30 ಲಕ್ಷಕ್ಕೆ ಮಾರಿದರೆ 6 ಲಕ್ಷ ಲಾಭ ಅಂತ ಹೇಳಿಕೊಳ್ಳುತ್ತೇವೆ. ಮುದ್ರಾಂಕ ಶುಲ್ಕ, ಸೆಸ್, 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗಿರುವ ನೋಂದಣಿ ಶುಲ್ಕ ಎಲ್ಲ ಸೇರಿ ಶುರುವಿನಲ್ಲೇ ಸುಮಾರು 1.82 ಲಕ್ಷ ಹೋಗಿರುತ್ತದೆ. ಉಳಿದ ಲಾಭಕ್ಕೆ ಶೇ. 12.5 ತೆರಿಗೆ, ಅಂದರೆ 52 ಸಾವಿರದ ಹತ್ತಿರ. ಕೈಗೆ ಉಳಿಯೋದು ಸುಮಾರು 3.65 ಲಕ್ಷ, ವರ್ಷಕ್ಕೆ ಶೇ. 3 ಕೂಡ ಬೀಳುವುದಿಲ್ಲ. ಸಾಲ ಮಾಡಿ ತಗೊಂಡಿದ್ದರೆ ನಷ್ಟವೇ. ಈ ಒಂದು ಲೆಕ್ಕವನ್ನು ಬೋರ್ಡ್ ಮೇಲೆ ಬರೆದಿದ್ದರೆ ಕೂತವರಲ್ಲಿ ಅರ್ಧ ಜನ ತಮ್ಮ ಯೋಚನೆ ಬದಲಿಸುತ್ತಿದ್ದರು.

ಈಗ ದೂರು. ಕೊನೆಯ ಒಂದು ಗಂಟೆ ವಿಮೆ ಏಜೆಂಟರೊಬ್ಬರಿಗೆ ಬಿಟ್ಟುಕೊಟ್ಟರು. ವಿಮೆ, ಹೂಡಿಕೆ ಎರಡೂ ಸೇರಿಸಿದ ಪಾಲಿಸಿ ತೋರಿಸಿ ಫಾರಂ ಹಂಚಿದರು. ಫೀಸು ಕಟ್ಟಿ ಕಲಿಯಲು ಬಂದವರಿಗೆ ಹೀಗೆ ಮಾಡಬಾರದು. ಟರ್ಮ್ ಪಾಲಿಸಿ (ಹೂಡಿಕೆ ಸೇರಿಸದ, ಬರೀ ಜೀವ ವಿಮೆ) ಅಂದರೆ ಏನು ಅಂತ ಕೇಳಿದ ಅಡಿಕೆ ಬೆಳೆಗಾರರೊಬ್ಬರಿಗೆ ಸರಿಯಾದ ಉತ್ತರವೇ ಸಿಗಲಿಲ್ಲ, ನನಗೆ ನಿಜಕ್ಕೂ ಬೇಜಾರಾಯಿತು. ಜೊತೆಗೆ ಕೊಟ್ಟ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ. ಬಂದವರಲ್ಲಿ ಎಪಿಎಂಸಿ ವ್ಯಾಪಾರಿಗಳು, ರೈತರೇ ಜಾಸ್ತಿ, ಅವರು ಅದನ್ನು ಇಟ್ಟುಕೊಂಡು ಏನು ಮಾಡಬೇಕು?

ಸೈಟು ತಗೊಳ್ಳುವ ಯೋಚನೆ ಇರುವವರು ಅಡ್ವಾನ್ಸ್ ಕೊಡುವ ಮೊದಲೇ ಹೋಗಿ. ಬರೀ ಉಳಿತಾಯ, ಫಂಡು ಕಲಿಯಬೇಕು ಅನ್ನುವವರಿಗೆ ಇದು ಬೇಡ. ಹೋಗುವಾಗ ನೀವು ನೋಡಿಟ್ಟಿರುವ ಜಾಗದ ಪಹಣಿ, ಇಸಿ ಜೆರಾಕ್ಸ್ ಜೊತೆಗಿರಲಿ, ಊಟದ ಬಿಡುವಿನಲ್ಲಿ ಕೇಳಿದರೆ ಮೇಷ್ಟ್ರು ಕೂತು ಓದಿ ಹೇಳುತ್ತಾರೆ.